ಕಡಲ ದಂಡೆಯಲ್ಲಿ ಮೂರು ರಾತ್ರಿ: ಉಬ್ಬರ ಇಳಿತ ನೋಡಿ ಆರ್‌ವಿ ಪ್ರವಾಸ ಹಾಕಿಕೊಳ್ಳುವುದು ಹೇಗೆ

ಮೊದಲ ಸಲ ಆರ್‌ವಿ, ಅಂದರೆ ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಇರಬಹುದಾದ ಗಾಡಿ, ಬಾಡಿಗೆಗೆ ತೆಗೆದುಕೊಂಡು ಕಡಲ ಕಡೆ ಹೋದಾಗ ನಾನು ಎಲ್ಲವನ್ನೂ ಕಿಲೋಮೀಟರ್ ಲೆಕ್ಕದಲ್ಲೇ ಹಾಕಿದ್ದೆ. ಇಲ್ಲಿಂದ ಅಲ್ಲಿಗೆ ಇಷ್ಟು, ಅಲ್ಲಿಂದ ಮುಂದಕ್ಕೆ ಇಷ್ಟು. ಬಂಡೆಗಳ ನಡುವಿನ ಹೊಂಡಗಳಲ್ಲಿ ನಕ್ಷತ್ರ ಮೀನು ನೋಡುವ ಆಸೆ ಇತ್ತು. ಮಧ್ಯಾಹ್ನ ಒಂದು ಗಂಟೆಗೆ ಆ ಜಾಗಕ್ಕೆ ಹೋಗಿ ನಿಂತರೆ ಬಂಡೆಯೇ ಕಾಣಲಿಲ್ಲ. ಉಬ್ಬರದ ನೀರು ಎಲ್ಲವನ್ನೂ ಮುಚ್ಚಿತ್ತು. ಇಳಿಯುವವರೆಗೆ ಕಾಯೋಣ ಅಂದರೆ ರಾತ್ರಿ ಉಳಿಯುವ ಜಾಗ ಇನ್ನೂ 140 ಕಿಲೋಮೀಟರ್ ದೂರದಲ್ಲಿತ್ತು. ಹಾಗೇ ಹೊರಟೆವು.

ಆಮೇಲೆ ನಾನು ಪ್ಲಾನ್ ಮಾಡುವ ಕ್ರಮವನ್ನೇ ಬದಲಾಯಿಸಿದೆ. ಮೊದಲು ಉಬ್ಬರ ಇಳಿತದ ಪಟ್ಟಿ, ಆಮೇಲೆ ಮ್ಯಾಪ್. ಯಾವ ಹೊತ್ತಿಗೆ ಎಲ್ಲಿರಬೇಕು ಅನ್ನುವುದನ್ನು ಕಡಲು ಹೇಳುತ್ತದೆ. ದೂರವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಮೂರು ರಾತ್ರಿಯಂಥ ಸಣ್ಣ ಪ್ರವಾಸಕ್ಕಂತೂ ಇದು ಇನ್ನೂ ಮುಖ್ಯ, ಯಾಕೆಂದರೆ ತಪ್ಪಿದ ಹೊತ್ತನ್ನು ಮತ್ತೆ ಹಿಡಿಯಲು ದಿನಗಳೇ ಉಳಿದಿರುವುದಿಲ್ಲ.

## ಮೊದಲು ತಾರೀಖು, ಅದಕ್ಕೂ ಮೊದಲು ಚಂದ್ರ

ಬಹಳಷ್ಟು ತೀರಗಳಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಸಂಜೆ 4.30ಕ್ಕೆ ನೀರು ಪೂರ್ತಿ ಇಳಿದರೆ, ನಾಳೆ ಇಳಿಯುವುದು 5.20ರ ಹೊತ್ತಿಗೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನೂ ತನ್ನ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿರುತ್ತಾನೆ. ಮತ್ತೆ ಅವನ ಎದುರಿಗೆ ಬರಲು ಭೂಮಿ ಇನ್ನೂ ಸುಮಾರು 50 ನಿಮಿಷ ತಿರುಗಬೇಕು. ದಿನಕ್ಕೆ 50 ನಿಮಿಷ ಅನ್ನುವ ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಅರ್ಧ ಪ್ಲಾನ್ ಮುಗಿದ ಹಾಗೆ.

ಹುಣ್ಣಿಮೆ, ಅಮಾವಾಸ್ಯೆಯ ದಿನ ಮತ್ತು ಅದರ ಒಂದೆರಡು ದಿನ ಆಚೆಗೆ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಸೇರುತ್ತದೆ. ಆಗ ಉಬ್ಬರ ಜಾಸ್ತಿ ಏರುತ್ತದೆ, ಇಳಿತ ಜಾಸ್ತಿ ಇಳಿಯುತ್ತದೆ. ಬೇರೆ ದಿನ ನೀರಿನಡಿ ಇರುವ ಬಂಡೆಗಳೂ ಹೊರಗೆ ಬರುತ್ತವೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಸಣ್ಣದು. ಇನ್ನೊಂದು ವಿಷಯ ಬಹಳ ಜನ ಗಮನಿಸಿರುವುದಿಲ್ಲ: ಒಂದೇ ಜಾಗದಲ್ಲಿ ಈ ದೊಡ್ಡ ಇಳಿತ ಪ್ರತಿ ಹುಣ್ಣಿಮೆ, ಅಮಾವಾಸ್ಯೆಗೂ ಹೆಚ್ಚುಕಡಿಮೆ ಅದೇ ಗಂಟೆಗೆ ಬರುತ್ತದೆ. ಒಂದು ತೀರದಲ್ಲಿ ಅದು ಬೆಳಗಿನ ಜಾವ ಮತ್ತು ಸಂಜೆ ಅಂತಾದರೆ, ಇನ್ನೊಂದು ತೀರದಲ್ಲಿ ಮಧ್ಯಾಹ್ನ ಮತ್ತು ಮಧ್ಯರಾತ್ರಿ. ನೀವು ಹೋಗುವ ತೀರದ್ದು ಯಾವ ಗಂಟೆ ಅಂತ ಒಮ್ಮೆ ತಿಳಿದುಕೊಂಡರೆ, ಮುಂದಿನ ವರ್ಷದ ಪ್ರವಾಸಕ್ಕೂ ಕ್ಯಾಲೆಂಡರ್ ನೋಡಿಯೇ ದಿನ ಗೊತ್ತು ಮಾಡಬಹುದು.

ಎಲ್ಲ ಕಡಲೂ ಒಂದೇ ಥರ ಅಲ್ಲ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಏರಿಳಿತ 16 ಮೀಟರ್‌ವರೆಗೂ ಹೋಗುತ್ತದೆ. ಮೆಡಿಟರೇನಿಯನ್ ಸಮುದ್ರದ ಬಹುಪಾಲು ಕಡೆ ಅದು ಕಣ್ಣಿಗೆ ಬೀಳುವುದೇ ಕಷ್ಟ. ಮೆಕ್ಸಿಕೋ ಕೊಲ್ಲಿಯ ಕೆಲವು ಭಾಗಗಳಲ್ಲಿ ದಿನಕ್ಕೆ ಒಂದೇ ಉಬ್ಬರ. ಹಾಗಾಗಿ ಸಾಮಾನ್ಯ ಲೆಕ್ಕವನ್ನು ನಂಬಿ ಹೊರಡಬೇಡಿ. ನೀವು ನಿಲ್ಲುವ ಜಾಗಕ್ಕೆ ಹತ್ತಿರದ ಬಂದರಿನ ಪಟ್ಟಿ ತೆಗೆದು, ಗಂಟೆಯ ಜೊತೆಗೆ ನೀರಿನ ಎತ್ತರವನ್ನೂ ಬರೆದುಕೊಳ್ಳಿ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವ ದೇಶಗಳಲ್ಲಿ, ಪಟ್ಟಿಯ ಸಮಯದಲ್ಲಿ ಅದು ಸೇರಿದೆಯೋ ಇಲ್ಲವೋ ನೋಡಲೇಬೇಕು.

ನೀರು ಒಂದೇ ಸಮನೆ ಏರುವುದೂ ಇಲ್ಲ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ. ಅಷ್ಟರಲ್ಲಿ ಏರುವ ಒಟ್ಟು ನೀರನ್ನು ನಾವಿಕರು 12 ಪಾಲು ಮಾಡುತ್ತಾರೆ. ಮೊದಲ ಗಂಟೆ 1 ಪಾಲು, ಆಮೇಲೆ 2, 3, 3, 2, ಕೊನೆಗೆ 1. ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಬಂದುಬಿಡುತ್ತದೆ. ಮೊದಲ ಗಂಟೆ ನೋಡಿ "ನಿಧಾನಕ್ಕೆ ಬರ್ತಿದೆ, ಇನ್ನೂ ಹೊತ್ತಿದೆ" ಅಂದುಕೊಂಡವರು ಬಂಡೆಯ ಮೇಲೆ ಸಿಕ್ಕಿಹಾಕಿಕೊಳ್ಳುವುದು ಇದೇ ಕಾರಣಕ್ಕೆ.

## ದೂರ ಕಮ್ಮಿ, ಉಳಿಯುವುದು ಜಾಸ್ತಿ

ಆರ್‌ವಿ ಓಡಿಸುವವರಲ್ಲಿ ಮೂರು ಮೂರರ ನಿಯಮ ಅಂತ ಒಂದಿದೆ. ದಿನಕ್ಕೆ 300 ಮೈಲಿಗಿಂತ ಜಾಸ್ತಿ ಬೇಡ, ಮಧ್ಯಾಹ್ನ 3ರೊಳಗೆ ತಲುಪಿ, ಒಂದು ಕಡೆ 3 ರಾತ್ರಿ ಇರಿ. ತಲುಪುವ ಹೊತ್ತಿನ ಮಾತು ಬಂಗಾರದಂಥದ್ದು. 300 ಮೈಲಿ, ಅಂದರೆ ಸುಮಾರು 480 ಕಿಲೋಮೀಟರ್, ಕಡಲ ದಾರಿಗೆ ಆಗುವ ಮಾತಲ್ಲ. ತೀರದ ರಸ್ತೆ ಸುತ್ತುತ್ತದೆ, ಏರುತ್ತದೆ, ಪ್ರತಿ ಸೇತುವೆಯ ಹತ್ತಿರ ನಿಧಾನವಾಗುತ್ತದೆ. ಮ್ಯಾಪ್ ಎರಡು ಗಂಟೆ ಅಂದರೆ ಆರ್‌ವಿಗೆ ಮೂರು ಅಂತ ಹಿಡಿಯಿರಿ. ದಿನಕ್ಕೆ 120ರಿಂದ 150 ಕಿಲೋಮೀಟರ್ ಸಾಕು. ಮೂರು ರಾತ್ರಿಗೆ ಎರಡು ತಂಗುದಾಣ ನನ್ನ ಮಟ್ಟಿಗೆ ಸರಿಯಾದ ಲೆಕ್ಕ: ಒಂದು ಕಡೆ ಎರಡು ರಾತ್ರಿ, ಇನ್ನೊಂದು ಕಡೆ ಒಂದು. ಪ್ರತಿ ರಾತ್ರಿಯೂ ಜಾಗ ಬದಲಾಯಿಸಿದರೆ ಗಾಡಿ ಸಮ ಮಾಡುವುದು, ಪೈಪ್ ಜೋಡಿಸುವುದು, ಬಿಚ್ಚುವುದು, ಪಾತ್ರೆ ಕಟ್ಟಿಡುವುದರಲ್ಲೇ ಬೆಳಗು ಸಂಜೆ ಕಳೆದುಹೋಗುತ್ತವೆ.

ದಿಕ್ಕನ್ನೂ ಯೋಚಿಸಿ ಆರಿಸಿ. ರಸ್ತೆಯ ಎಡಕ್ಕೆ ಗಾಡಿ ಓಡಿಸುವ ದೇಶವಾದರೆ ಕಡಲು ಎಡಕ್ಕೆ ಬರುವಂತೆ ಹೋಗಿ. ಬಲಕ್ಕೆ ಓಡಿಸುವ ದೇಶವಾದರೆ ಬಲಕ್ಕೆ ಬರುವಂತೆ. ಆಗ ನೋಟ ಚೆನ್ನಾಗಿರುವ ಕಡೆಯೆಲ್ಲ ಎದುರು ಬರುವ ವಾಹನಗಳನ್ನು ದಾಟದೆ ಸೀದಾ ಪಕ್ಕಕ್ಕೆ ತೆಗೆದುಕೊಂಡು ನಿಲ್ಲಿಸಬಹುದು. ಏಳು ಮೀಟರ್ ಉದ್ದದ ಗಾಡಿಯನ್ನು ತಿರುವಿನಲ್ಲಿ ಅಡ್ಡ ತಿರುಗಿಸುವುದು ಎಷ್ಟು ಕಷ್ಟ ಅಂತ ಒಮ್ಮೆ ಮಾಡಿದವರಿಗೆ ಗೊತ್ತು. ವಾಪಸ್ ಬರುವಾಗ ಒಳನಾಡಿನ ದೊಡ್ಡ ರಸ್ತೆ ಹಿಡಿದರಾಯಿತು.

ಗಾಡಿಯ ಎತ್ತರವನ್ನು ಅಳೆದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿ. ಛಾವಣಿಯ ಮೇಲಿನ ಎಸಿ, ಗಾಳಿ ಕಿಟಕಿ, ಆಂಟೆನಾ ಎಲ್ಲ ಸೇರಿಸಿ ಅಳೆಯಬೇಕು. ಬೀಚಿನ ಪಾರ್ಕಿಂಗ್ ಜಾಗಗಳ ಬಾಗಿಲಲ್ಲಿ ಎತ್ತರದ ವಾಹನ ಬರದಂತೆ ಅಡ್ಡ ಕಂಬ ಹಾಕಿರುವುದು ಬಹಳ ಸಾಮಾನ್ಯ. ಹೊರಡುವ ಮೊದಲೇ ಮ್ಯಾಪಿನ ರಸ್ತೆ ಫೋಟೋಗಳಲ್ಲಿ ಆ ಪ್ರವೇಶವನ್ನು ನೋಡಿಕೊಂಡರೆ ಅಲ್ಲಿ ಹೋಗಿ ಹಿಂದಕ್ಕೆ ತೆಗೆಯುವ ಕಷ್ಟ ಇರುವುದಿಲ್ಲ.

## ಒಂದು ಪ್ಲಾನ್ ಹಾಕಿ ನೋಡೋಣ

ಹುಣ್ಣಿಮೆಯ ವಾರಾಂತ್ಯ. ಪಟ್ಟಿಯ ಪ್ರಕಾರ ಶುಕ್ರವಾರ ಸಂಜೆ 4.30ಕ್ಕೆ ಇಳಿತ. ಸೂರ್ಯ ಹುಟ್ಟುವುದು, ಮುಳುಗುವುದು ಎರಡೂ ಆರೂಕಾಲರ ಆಸುಪಾಸು ಅಂತಿಟ್ಟುಕೊಳ್ಳಿ.

ಶುಕ್ರವಾರ ಬೆಳಿಗ್ಗೆ 10ಕ್ಕೆ ಹೊರಟು, ಮಧ್ಯೆ ಒಂದು ಸಲ ನಿಂತು, 2ರ ಹೊತ್ತಿಗೆ ಮೊದಲ ತಂಗುದಾಣ. ಗಾಡಿ ನಿಲ್ಲಿಸಿ, ಸಮ ಮಾಡಿ, ಮೂರೂವರೆಗೆ ಬಂಡೆಗಳ ಹತ್ತಿರ. ನೀರಿನ ಹಿಂದೆಯೇ ಇಳಿಯುತ್ತಾ ಹೋಗಿ, 4.30 ದಾಟಿದ ಮೇಲೆ ಅದರ ಮುಂದೆ ವಾಪಸ್ ಬರುವುದು. ಶನಿವಾರ ಗಾಡಿ ಅಲ್ಲಾಡಿಸುವುದೇ ಬೇಡ. ಅವತ್ತು ಬೆಳಿಗ್ಗೆ 11ರ ಆಸುಪಾಸು ಉಬ್ಬರ. 9ಕ್ಕೆಲ್ಲ ನದಿ ಕಡಲು ಸೇರುವ ಅಳಿವೆಯ ದಡದಲ್ಲಿ ಕೂತರೆ ಹಕ್ಕಿಗಳು. ಸಂಜೆ 5.20ಕ್ಕೆ ಇಳಿತ, ಮತ್ತು ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಸೂರ್ಯಾಸ್ತ. ಉದ್ದನೆಯ ಒದ್ದೆ ಮರಳಿನ ಮೇಲೆ ನಡೆಯಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಭಾನುವಾರ 5.45ಕ್ಕೆ ಬೆಳಗಿನ ಇಳಿತ. ಬೆಳಕು ಮೂಡುತ್ತಿದ್ದಂತೆ ಬಂಡೆಗಳ ಕಡೆ ಹೋಗಿ, ನೀರು ಆಗಲೇ ಏರತೊಡಗಿರುವುದರಿಂದ ಏಳರೊಳಗೆ ಮೇಲೆ ಬಂದುಬಿಡಬೇಕು. ಹತ್ತಕ್ಕೆ ಹೊರಟು 80 ಕಿಲೋಮೀಟರ್ ಆಚೆಯ ಎರಡನೇ ತಂಗುದಾಣ. ಅಲ್ಲಿ ಮಧ್ಯಾಹ್ನ ಉಬ್ಬರ ಇರುವುದರಿಂದ ಬೀಚಿನ ಬದಲು ಗುಡ್ಡದ ತುದಿಯ ದಾರಿ, ದೀಪಸ್ತಂಭ ಅಥವಾ ಕಾಡಿನೊಳಗಿನ ಕಾಲುದಾರಿ. ಸೋಮವಾರ 6.35ಕ್ಕೆ ಇಳಿತ, ಕೊನೆಯ ನಡಿಗೆ, ಮನೆ.

ನಾಲ್ಕು ದಿನದಲ್ಲಿ ನಿಂತ ಜಾಗ ಐದಾರು ಅಷ್ಟೇ. ಆದರೆ ಪ್ರತಿಯೊಂದಕ್ಕೂ ಅದರ ಹೊತ್ತಿಗೇ ಹೋಗಿರುತ್ತೀರಿ.

## ಎಲ್ಲಿ, ಯಾವಾಗ, ಏನು ನೋಡುವುದು

ಬಂಡೆ ಹೊಂಡಗಳಿಗೆ ಇಳಿತಕ್ಕಿಂತ ಒಂದು ಗಂಟೆ ಮೊದಲೇ ತಲುಪಬೇಕು. ಹತ್ತು ಹೊಂಡ ಸುತ್ತುವ ಬದಲು ಒಂದನ್ನು ಆರಿಸಿಕೊಳ್ಳಿ. ನಿಮ್ಮ ನೆರಳು ನೀರಿನ ಮೇಲೆ ಬೀಳದ ಕಡೆ ಕುಕ್ಕರುಗಾಲಲ್ಲಿ ಕೂರಿ. ಮೊದಲ ಎರಡು ನಿಮಿಷ ಏನೂ ಕಾಣುವುದಿಲ್ಲ. ಸುಮ್ನೆ ಕಾಯಿರಿ. ಹೆಬ್ಬೆರಳ ಉಗುರಿನಷ್ಟಿರುವ ಒಂದು ಶಂಖ ಇದ್ದಕ್ಕಿದ್ದಂತೆ ನಡೆಯತೊಡಗುತ್ತದೆ. ಒಳಗೆ ಸನ್ಯಾಸಿ ಏಡಿ ಇದೆ, ಖಾಲಿ ಚಿಪ್ಪನ್ನು ಮನೆ ಮಾಡಿಕೊಂಡಿದೆ. ಬಂಡೆಗೆ ಅಂಟಿದ ಬಿಳಿ ಬಾರ್ನಕಲ್‌ಗಳು ನೀರಿನೊಳಗಿದ್ದರೆ ತುದಿ ತೆರೆದು ಗರಿಯಂಥ ಕಾಲುಗಳನ್ನು ಹೊರಗೆ ಬೀಸಿ ಒಳಗೆ ಎಳೆದುಕೊಳ್ಳುತ್ತಿರುತ್ತವೆ, ಊಟ ಹಿಡಿಯುವುದೇ ಹಾಗೆ. ನೀರಿಲ್ಲದ ಕಡೆ ಜೆಲ್ಲಿಯ ಉಂಡೆಯಂತೆ ಮುದುಡಿ ಕೂತಿರುವುದು ಸೀ ಅನೆಮೊನಿ. ಅದೇ ಪ್ರಾಣಿ ಪಕ್ಕದ ಹೊಂಡದಲ್ಲಿ ಹೂವಿನಂತೆ ಅರಳಿರುತ್ತದೆ. ಚಿಪ್ಪು ಖಾಲಿಯಿದ್ದರೂ ಮನೆಗೆ ತರಬೇಡಿ, ಅದು ಮುಂದಿನ ಏಡಿಗೆ ಬೇಕು. ಕಲ್ಲು ಮಗುಚಿ ನೋಡಿದರೆ ಮೊದಲಿದ್ದ ಹಾಗೇ ಮೆಲ್ಲಗೆ ಇಡಿ. ಅಡಿಯಲ್ಲಿ ನೆರಳು ತೇವದಲ್ಲಿ ಬದುಕುವ ಜೀವಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ಕಡಲಿಗೆ ಬೆನ್ನು ಹಾಕಿ ಮಾತ್ರ ಯಾವತ್ತೂ ಕೂರಬೇಡಿ. ಇಳಿಯುವ ಮೊದಲು ಒಂದು ಹದಿನೈದು ನಿಮಿಷ ದೂರ ನಿಂತು ಅಲೆ ನೋಡಿ. ಐದಾರು ನಿಮಿಷಕ್ಕೊಮ್ಮೆ ಬರುವ ದೊಡ್ಡ ಅಲೆಗಳ ಗುಂಪು ಎಲ್ಲಿಯವರೆಗೆ ಏರುತ್ತದೆ ಅಂತ ಆಗ ಗೊತ್ತಾಗುತ್ತದೆ.

ಅಳಿವೆಗೆ ಲೆಕ್ಕ ತಿರುವುಮುರುವು. ಪೂರ್ತಿ ಇಳಿತದಲ್ಲಿ ಹಕ್ಕಿಗಳು ದೂರದ ಕೆಸರಲ್ಲಿ ಚುಕ್ಕಿಗಳಂತೆ ಹರಡಿರುತ್ತವೆ. ಉಬ್ಬರಕ್ಕೆ ಎರಡು ಗಂಟೆ ಮುಂಚೆ ಹೋಗಿ ಕೂತರೆ, ಏರುವ ನೀರು ಅವುಗಳನ್ನು ನಿಮ್ಮ ಕಡೆಗೇ ತಳ್ಳಿಕೊಂಡು ಬರುತ್ತದೆ. ಬೈನಾಕ್ಯುಲರ್ ಇಟ್ಟುಕೊಂಡು ಒಂದೇ ಕಡೆ ಕೂರಿ. ಹತ್ತಿರ ಹೋಗಿ ಎಬ್ಬಿಸಬೇಡಿ, ನಾಯಿಯಿದ್ದರೆ ಹಗ್ಗ ಬಿಚ್ಚಬೇಡಿ. ಈ ಹಕ್ಕಿಗಳಲ್ಲಿ ಹಲವು ದೂರದ ದಾರಿಯ ನಡುವೆ ಹೊಟ್ಟೆ ತುಂಬಿಸಿಕೊಳ್ಳಲು ಇಳಿದಿರುತ್ತವೆ. 2022ರ ಅಕ್ಟೋಬರ್‌ನಲ್ಲಿ ಟ್ರ್ಯಾಕರ್ ಕಟ್ಟಿದ್ದ ಒಂದು ಬಾರ್-ಟೇಲ್ಡ್ ಗಾಡ್‌ವಿಟ್, ಹುಟ್ಟಿ ಆರು ತಿಂಗಳೂ ಆಗಿರದ ಮರಿ, ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 11 ದಿನ ಹಾರಿತು. ಒಟ್ಟು ಸುಮಾರು 13,560 ಕಿಲೋಮೀಟರ್. ಅಂಥ ಹಾರಾಟಕ್ಕೆ ಬೇಕಾದ ಕೊಬ್ಬನ್ನು ಅವು ಕೂಡಿಸುವುದು ಇಂಥ ಕೆಸರಲ್ಲೇ. ಒಂದು ಫೋಟೋಗಾಗಿ ಇಡೀ ಗುಂಪನ್ನು ಹಾರಿಸುವುದನ್ನು ಕಂಡರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿದ್ದರೆ ಇಳಿತದಲ್ಲಿ ನಡೆದು ನೋಡಿ, ಕೆಸರಿನಿಂದ ಮೇಲೆ ಎದ್ದ ಉಸಿರಾಟದ ಬೇರುಗಳು ಆಗ ಮಾತ್ರ ಕಾಣುತ್ತವೆ. ದೋಣಿಯಲ್ಲಾದರೆ ಉಬ್ಬರದಲ್ಲೇ ಹೋಗಬೇಕು. ಮರಳು ದಿಬ್ಬಗಳಲ್ಲಿ ಹಾಕಿದ ಹಲಗೆ ದಾರಿ ಬಿಟ್ಟು ಇಳಿಯಬೇಡಿ. ದಿಬ್ಬವನ್ನು ಹಿಡಿದು ನಿಲ್ಲಿಸಿರುವುದು ಅಲ್ಲಿನ ಹುಲ್ಲು, ಬಳ್ಳಿಗಳ ಬೇರು.

ಆಮೆ ಮೊಟ್ಟೆ ಇಡುವ ತೀರದ ಹತ್ತಿರ ಉಳಿದರೆ ಕತ್ತಲಾದ ಮೇಲೆ ಗಾಡಿಯ ಹೊರಗಿನ ದೀಪ ಆರಿಸಿ, ಕಡಲ ಕಡೆಯ ಪರದೆ ಎಳೆದುಬಿಡಿ. ಮರಿಗಳು ಗೂಡಿನಿಂದ ಹೊರಬಂದಾಗ ಬೆಳಕು ಜಾಸ್ತಿ ಇರುವ ಕಡೆಗೆ ನಡೆಯುತ್ತವೆ. ಕತ್ತಲ ತೀರದಲ್ಲಿ ಅದು ಕಡಲಿನ ಮೇಲಿನ ಆಕಾಶ. ನಿಮ್ಮ ಅಂಗಳದ ದೀಪ ಉರಿಯುತ್ತಿದ್ದರೆ ಅವು ಇತ್ತ ಬರುತ್ತವೆ.

ಈಜುವ ಮಾತು ಬಂದರೆ ಒಂದು ಎಚ್ಚರ. ಎರಡೂ ಬದಿ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ, ಬಹಳ ಸಲ ಅದೇ ನೀರು ಒಳಗೆ ಎಳೆದುಕೊಂಡು ಹೋಗುವ ಜಾಗ. ಸಿಕ್ಕಿಹಾಕಿಕೊಂಡರೆ ದಡದ ಕಡೆ ಸೆಣಸದೆ, ತೇಲುತ್ತಾ ಕೈ ಎತ್ತಿ ಸಹಾಯ ಕೇಳಿ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಕಾವಲುಗಾರರಿರುವ ಬೀಚಿನಲ್ಲಿ ಬಾವುಟಗಳ ನಡುವೆಯೇ ನೀರಿಗಿಳಿಯುವುದು ಒಳ್ಳೆಯದು.

## ಗಾಡಿ ತುಂಬುವುದು

ನೀರು ಲೀಟರಿಗೆ ಒಂದು ಕಿಲೋ. 100 ಲೀಟರ್ ಟ್ಯಾಂಕ್ ತುಂಬಿಸಿದರೆ ಒಬ್ಬ ದೊಡ್ಡ ಆಳನ್ನು, ಅವನ ಸಾಮಾನಿನ ಸಮೇತ ಕೂರಿಸಿಕೊಂಡ ಹಾಗೆ. ಗಾಡಿ ಎಷ್ಟು ತೂಕ ಹೊರಬಹುದು ಅನ್ನುವುದು ಅದರ ಪ್ಲೇಟಿನ ಮೇಲೆ ಬರೆದಿರುತ್ತದೆ. ಎಲ್ಲ ತುಂಬಿ, ಎಲ್ಲರೂ ಕೂತ ಮೇಲೆ ಒಂದು ಸಲ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ನೋಡಿ. ಭಾರದ ಸಾಮಾನು ಕೆಳಗೆ, ಎರಡು ಆಕ್ಸಲ್‌ಗಳ ನಡುವೆ. ಹಗುರದ್ದು ಮೇಲಿನ ಕಪಾಟಿಗೆ. ತಂಗುದಾಣದಲ್ಲಿ ನೀರು ಸಿಗುತ್ತದೆ ಅಂತ ಖಚಿತ ಇದ್ದರೆ ದಾರಿಗೆ ಕಾಲು ಟ್ಯಾಂಕ್ ಸಾಕು.

ಹಿತಮಿತವಾಗಿ ಬಳಸಿದರೆ ಅಡುಗೆ, ತೊಳೆಯುವುದು, ಸಣ್ಣ ಸ್ನಾನ ಸೇರಿ ಒಬ್ಬರಿಗೆ ದಿನಕ್ಕೆ 15 ಲೀಟರ್‌ನಲ್ಲಿ ನಮ್ಮದು ನಡೆಯುತ್ತದೆ. ಕ್ಯಾಸೆಟ್ ಟಾಯ್ಲೆಟ್ (ಡಬ್ಬಿಯನ್ನು ಹೊರಗೆಳೆದು ಖಾಲಿ ಮಾಡುವಂಥದ್ದು) ಸಾಮಾನ್ಯವಾಗಿ 15ರಿಂದ 20 ಲೀಟರಿನದ್ದು, ಇಬ್ಬರಿಗೆ ಎರಡು ಮೂರು ದಿನ. ಹಾಗಾಗಿ ಅದನ್ನು ಎಲ್ಲಿ ಖಾಲಿ ಮಾಡುವುದು ಅನ್ನುವುದು ಮೊದಲೇ ಮ್ಯಾಪಿನಲ್ಲಿ ಗುರುತಾಗಿರಲಿ. ಸಿಂಕಿನ ನೀರನ್ನೂ ಅದಕ್ಕೆಂದೇ ಇರುವ ಜಾಗದಲ್ಲೇ ಬಿಡಬೇಕು. ಸೋಪು, ಎಣ್ಣೆ ಕೂಡಿದ ಆ ನೀರು ಮರಳಿಗೆ ಇಂಗಿದರೆ ನೀವು ನೋಡಲು ಬಂದ ಹೊಂಡಕ್ಕೇ ಸೇರುತ್ತದೆ.

ಬ್ಯಾಟರಿ 100 ಆಂಪಿಯರ್-ಅವರ್ ಅಂತ ಬರೆದಿದ್ದರೂ ಹಳೆಯ ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೆ ಅದು ಬಾಳುತ್ತದೆ. ಲಿಥಿಯಂ ಆದರೆ 80ರವರೆಗೂ ಧೈರ್ಯವಾಗಿ ಬಳಸಬಹುದು. ಜಾಸ್ತಿ ತಿನ್ನುವುದು ಫ್ರಿಜ್, ಬಾಡಿಗೆ ಗಾಡಿ ಪಡೆಯುವಾಗ ಅದರ ಬಗ್ಗೆಯೇ ಮೊದಲು ಕೇಳಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಕೂರುತ್ತದೆ. ನೆಲದಲ್ಲಿರುವ ಗಾಳಿ ತೂತುಗಳನ್ನು ಚಳಿಯೆಂದು ಮುಚ್ಚಬಾರದು. ಓಡಿಸುವಾಗ ಸಿಲಿಂಡರ್ ವಾಲ್ವ್ ಬಂದ್ ಮಾಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಅದರ ಅಲಾರಂ ಕೆಲಸ ಮಾಡುತ್ತಿದೆಯೇ ಅಂತ ಬಟನ್ ಒತ್ತಿ ನೋಡದೆ ಮೊದಲ ರಾತ್ರಿ ಮಲಗಬೇಡಿ.

## ಗಾಳಿ, ಮರಳು, ಉಪ್ಪು

ಹಗಲಿನಲ್ಲಿ ನೆಲ ಬೇಗ ಕಾದು ಕಡಲಿನಿಂದ ಗಾಳಿ ಒಳಗೆ ಬೀಸುತ್ತದೆ, ಮಧ್ಯಾಹ್ನದ ನಂತರ ಅದರ ಜೋರು ಹೆಚ್ಚು. ರಾತ್ರಿ ನೆಲ ತಣಿದು ಗಾಳಿ ತಿರುಗುತ್ತದೆ. ಆದ್ದರಿಂದ ಓಡಿಸುವ ಕೆಲಸ ಬೆಳಿಗ್ಗೆಯೇ ಮುಗಿಯಲಿ. ಸೇತುವೆಯ ಮೇಲೆ, ಗುಡ್ಡದ ಮರೆ ದಾಟಿದ ತಕ್ಷಣ ಅಡ್ಡ ಗಾಳಿ ಒಮ್ಮೆಲೇ ತಳ್ಳುತ್ತದೆ. ಅಲ್ಲಿಗೆ ಮುಟ್ಟುವ ಮೊದಲೇ ವೇಗ ಇಳಿಸಿ, ಸ್ಟಿಯರಿಂಗ್ ಎರಡೂ ಕೈಯಲ್ಲಿರಲಿ. ನಿಲ್ಲಿಸುವಾಗ ಮೂತಿ ಗಾಳಿಯ ಕಡೆಗಿರಲಿ. ಹೊರಗಿನ ನೆರಳಿನ ಚಪ್ಪರವನ್ನು ಮಲಗುವ ಮುನ್ನ ಸುತ್ತಿಟ್ಟುಬಿಡಿ, ರಾತ್ರಿ ಗಾಳಿಗೆ ಅದರ ತೋಳು ಮುರಿಯುವುದು ಕ್ಷಣದ ಕೆಲಸ.

ಮರಳಿನ ಮೇಲೆ ಆರ್‌ವಿ ಇಳಿಸಲೇಬೇಡಿ. ಮೂರೂವರೆ ಟನ್ ಗಾಡಿಗೆ ಒದ್ದೆ ಮರಳು ಗಟ್ಟಿ ಅನ್ನಿಸಿದರೂ ಅಡಿಯಲ್ಲಿ ಮೆತ್ತಗಿರುತ್ತದೆ, ಮೇಲಿಂದ ಉಬ್ಬರ ಬರುತ್ತಿರುತ್ತದೆ. ಪಾರ್ಕಿಂಗಿನ ಅಂಚಿನಲ್ಲೂ ಸಂಶಯ ಬಂದರೆ ಇಳಿದು ಹೋಗಿ ಹಿಮ್ಮಡಿಯಿಂದ ಒತ್ತಿ ನೋಡಿ. ಹಿಮ್ಮಡಿ ಹೂತರೆ ಚಕ್ರವೂ ಹೂಳುತ್ತದೆ. ಹೂತೇ ಹೋದರೆ ಆಕ್ಸಿಲರೇಟರ್ ಒತ್ತುತ್ತಾ ಚಕ್ರ ಸುತ್ತಿಸಬೇಡಿ, ಸುತ್ತಿದಷ್ಟೂ ಆಳ. ಚಕ್ರದ ಮುಂದಿನ ಮರಳು ಕೈಯಲ್ಲಿ ತೆಗೆದು, ಟೈರಿನ ಗಾಳಿ ಸ್ವಲ್ಪ ಇಳಿಸಿ, ಹಲಗೆ ಅಥವಾ ಕಾಲಡಿಯ ಮ್ಯಾಟ್ ಹಾಕಿ ನಿಧಾನಕ್ಕೆ ಹೊರಬನ್ನಿ. ಗಟ್ಟಿ ನೆಲಕ್ಕೆ ಬಂದ ಕೂಡಲೇ ಗಾಳಿ ತುಂಬಿಸಿ.

ವಾಪಸ್ ಬಂದ ದಿನವೇ, ಸುಸ್ತಾಗಿದ್ದರೂ, ಗಾಡಿಯ ಅಡಿಭಾಗ ತೊಳೆಯಬೇಕು. ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಲೋಹಕ್ಕೆ ಅಂಟಿ ಕೂರುತ್ತದೆ. ಚಕ್ರದ ಕಮಾನು, ಮೆಟ್ಟಿಲಿನ ಕೀಲು, ಬಾಗಿಲ ಬೀಗ, ಟೋ ಹುಕ್, ಇಲ್ಲೆಲ್ಲ ಸಿಹಿನೀರು ಧಾರಾಳವಾಗಿ ಬಿಡಿ. ಜೋರಿನ ಪಂಪಿಗಿಂತ ತುಂಬಾ ನೀರು, ನಿಧಾನವಾಗಿ. ಒಣಗಿದ ಮೇಲೆ ಕೀಲುಗಳಿಗೆ ಎಣ್ಣೆ, ಬ್ಯಾಟರಿ ತುದಿಗಳಿಗೆ ತೆಳ್ಳಗೆ ಗ್ರೀಸ್. ಒಳಗೆ ಹಾಸಿಗೆ ಎತ್ತಿ ನಿಲ್ಲಿಸಿ, ಅಡಿಯಲ್ಲಿ ತೇವ ಕೂತಿರುತ್ತದೆ. ನೀರಿನ ಟ್ಯಾಂಕ್ ಖಾಲಿ ಮಾಡಿ ನಲ್ಲಿಗಳನ್ನು ತೆರೆದಿಡಿ. ಫ್ರಿಜ್ ಆರಿಸಿ ಒರೆಸಿ, ಬಾಗಿಲ ಸಂದಿಗೆ ಒಂದು ಬಟ್ಟೆ ಸಿಕ್ಕಿಸಿ, ಮುಚ್ಚಿದರೆ ಮುಂದಿನ ಸಲ ತೆರೆಯುವ ಹೊತ್ತಿಗೆ ಬೂಸ್ಟು ಹಿಡಿದಿರುತ್ತದೆ.